ಅರೆಪಾವು

"ತಲೆ ಎಣಿಸಬಾರದು ಅಂದ್ರೆ ಇನ್ನೇನು, ಕಾಲು ಎಣಿಸಿ ಎರಡರಿಂದ ಭಾಗಿಸ್ಲಾ?" ಎಂದು ರಾಜಧಾನಿಯಿಂದ ಬಂದಿದ್ದ ಅಧಿಕಾರಿ ಕೇಳಿದರು. ನಗಿಸಲು ಆಡಿದ ಮಾತಲ್ಲ, ಸೋತು ಆಡಿದ್ದು. ಬೆಳಗಿನಿಂದ ಅವರು ಕಂಪನಿಯ ಗಾಜಿನ ಕಟ್ಟಡದ ಎದುರು, ಜೈನಾಬಿಯ ಚಹಾದಂಗಡಿಯ ಕಲ್ಲಿನ ಮೇಲೆ ಕೂತು ಬಂದವರನ್ನೆಲ್ಲ ಕೇಳಿದ್ದರು. ಯಾರೂ ಸಂಖ್ಯೆ ಹೇಳಿರಲಿಲ್ಲ.

"ಕಾಲಾದ್ರೂ ಅಷ್ಟೇ ಸ್ವಾಮಿ. ಕಾಲಿನ ಮೇಲೆ ನಿಂತಿರೋದು ಮನುಷ್ಯರೇ ಅಲ್ವ" ಎಂದಳು ಜೈನಾಬಿ, ಲೋಟ ತೊಳೆಯುತ್ತ. "ಹಿಂಗೇ ಯಾರೋ ಬುದ್ಧಿವಂತರು ಮದುವೆ ಮನೇಲಿ ಚಪ್ಪಲಿ ಎಣಿಸಿದ್ರು. ಕೊನೇ ಜೊತೆ ಇವತ್ತಿಗೂ ಛತ್ರದ ಬಾಗಿಲಲ್ಲೇ ಐತೆ. ಬೇಕಾದ್ರೆ ಹೋಗಿ ನೋಡ್ಕೊಂಡು ಬನ್ನಿ."

ನಮ್ಮೂರಿನಲ್ಲಿ ಮನುಷ್ಯರನ್ನು ಎಣಿಸುವುದಿಲ್ಲ. ಎಣಿಸಿದರೆ ಸಂಖ್ಯೆ ಯಾರ ಮೇಲೆ ಬಂದು ನಿಲ್ಲುತ್ತದೋ ಅವರು ಮರುದಿನ ಬೆಳಿಗ್ಗೆ ಇರುವುದಿಲ್ಲ. ಸತ್ತರು ಎನ್ನುವುದಿಲ್ಲ ನಾವು. ಲೆಕ್ಕಕ್ಕೆ ಹೋದರು ಎನ್ನುತ್ತೇವೆ. ಶಾಲೆಯ ಮೇಡಂ ಹಾಜರಿ ಕೂಗುವುದಿಲ್ಲ, ಚಾಪೆಯಲ್ಲಿ ಎಲ್ಲಿ ಖಾಲಿ ಕಾಣುತ್ತದೆಯೋ ಅಲ್ಲಿ ಯಾರು ಕೂರುತ್ತಿದ್ದರು ಎಂದು ನೆನಪು ಮಾಡಿಕೊಳ್ಳುತ್ತಾರೆ. ಬಸ್ಸಿನ ಕಂಡಕ್ಟರು ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟೆಗಳು ಭಾರಕ್ಕೆ ಕಿರುಗುಟ್ಟುವುದನ್ನು ಕೇಳಿ ರೈಟ್ ಹೇಳುತ್ತಾನೆ. ನಿಮಗೆಷ್ಟು ಮಕ್ಕಳಮ್ಮ ಎಂದು ಹೊರಗಿನವರು ಕೇಳಿದರೆ ನಮ್ಮ ಹೆಂಗಸರು "ಮನೆ ತುಂಬ" ಎನ್ನುತ್ತಾರೆ. ಹೊಸದಾಗಿ ಹೆತ್ತವಳಾದರೆ "ತೊಟ್ಟಿಲು ತುಂಬ" ಎನ್ನುತ್ತಾಳೆ. ಜೈನಾಬಿಯ ಗಂಡ ಖಾದರ್ ಸಾಬರು ಹೋದದ್ದು ಹಿಂದೊಂದು ಚುನಾವಣೆಯಲ್ಲಿ. ಹೊರಗಿನಿಂದ ಬಂದ ಗುಮಾಸ್ತ ಸಾಲಿನ ಕಡೆ ಬೆರಳು ತೋರಿಸುತ್ತ ಎಣಿಸಿಬಿಟ್ಟ. ಸಾಲಿನ ಕೊನೆಗೆ ನಿಂತು ಬೀಡಿ ಆರಿಸುತ್ತಿದ್ದವರು ಸಾಬರು. ಅವರ ಲೋಟವನ್ನು ಜೈನಾಬಿ ಇವತ್ತಿಗೂ ಬೇರೆ ಇಟ್ಟಿದ್ದಾಳೆ, ಗಿರಾಕಿಗಳಿಗೆ ಕೊಡುವುದಿಲ್ಲ.

ಅಧಿಕಾರಿಯ ಹೆಸರು ಅನಂತಶಯನ. ಹೆಸರಿಗೆ ತಕ್ಕ ಹಾಗೆ ಮಲಗಿದವರಲ್ಲ ಪಾಪ, ಕಣ್ಣ ಕೆಳಗೆಲ್ಲ ಕಪ್ಪು. ರಾಜ್ಯದಲ್ಲಿ ಮಾಹಿತಿ ತಂತ್ರಜ್ಞಾನದ ಕೆಲಸದವರು ಒಟ್ಟು ಎಷ್ಟಿದ್ದಾರೆ ಎಂದು ಅಳೆಯುವ ಕೆಲಸ ಅವರ ಹೆಗಲಿಗೆ ಬಿದ್ದಿತ್ತು. ಬೇರೆ ಊರುಗಳದ್ದೆಲ್ಲ ಬಂದಾಗಿತ್ತು, ನಮ್ಮೂರಿನ ಮುಂದೆ ಮಾತ್ರ ಖಾಲಿ ಚೌಕ. ಖಾಲಿ ಬಿಟ್ಟರೆ ಸೊನ್ನೆ ಎಂದೇ ಓದಿಕೊಳ್ಳುತ್ತಾರಂತೆ. ಸೊನ್ನೆ ಇರುವ ಊರಿಗೆ ಇಂಟರ್ನೆಟ್ಟಿನ ದೊಡ್ಡ ತಂತಿ ಯಾಕೆ, ಕಂಪನಿ ಯಾಕೆ ಎಂದು ಎರಡನ್ನೂ ಕಿತ್ತುಕೊಂಡು ಹೋಗುತ್ತಾರಂತೆ. ಕಂಪನಿಯ ದೊಡ್ಡ ಕಚೇರಿಯೂ ಒಂದು ಗಡಿ ಹಾಕಿತ್ತು. ಅದಕ್ಕಿಂತ ಕಡಿಮೆ ಜನರಿರುವ ಊರಿನಲ್ಲಿ ಅವರು ಇರುವುದಿಲ್ಲ. ಆ ಗಡಿ ಎಷ್ಟೆಂದು ನಾನು ಬರೆಯುವುದಿಲ್ಲ, ಕ್ಷಮಿಸಬೇಕು. ಜನರ ಸಂಖ್ಯೆ ಬರೆದು ರೂಢಿಯಿಲ್ಲ.

"ಇವರನ್ನ ಕೇಳಿ" ಎಂದು ಜೈನಾಬಿ ನನ್ನತ್ತ ಗಲ್ಲ ಎತ್ತಿದಳು. "ಹೊನ್ನಕ್ಕ. ಅಳತೆ ಮನೆಯವಳು. ಇವಳ ಬಾಯಿ ನಿಲ್ಲಿಸೋದು ಮಾತ್ರ ನಿಮ್ಮ ಜವಾಬ್ದಾರಿ."

ಅವಳು ಹೇಳಿದ್ದು ಸುಳ್ಳಲ್ಲ. ಮಾತು ಎಂದರೆ ನನಗೆ ಎಲೆ ಅಡಿಕೆ ಇದ್ದ ಹಾಗೆ, ಬಾಯಲ್ಲಿ ಇರಲೇಬೇಕು. ಶಾಲೆಗೆ ಹೋದವಳಲ್ಲ ನಾನು, ಇವಳ ಅಂಗಡಿಯ ಬೋಂಡಾ ಕಟ್ಟಿದ ಕಾಗದಗಳ ಮೇಲೆಯೇ ಅಕ್ಷರ ಕಲಿತದ್ದು. ಆದರೆ ಅಳತೆ ನಮ್ಮ ಮನೆಯ ಕಸುಬು. ಮದುವೆಯಿರಲಿ, ತಿಥಿಯಿರಲಿ, ಜನ ಎಷ್ಟು ಸೇರಿದ್ದಾರೆ ಎಂದು ಯಾರಿಗಾದರೂ ಬೇಕಾದರೆ ಬೇಯಿಸಿದ ಅಕ್ಕಿ ಕೇಳಿಕೊಂಡು "ಎರಡು ಕೊಳಗದ ಜನ" ಎಂದೋ "ಕೊಳಗಕ್ಕೆ ಸೇರು ಕಡಿಮೆ ಜನ" ಎಂದೋ ಹೇಳುತ್ತೇನೆ. ಊರಿನ ಸೇರು, ಪಾವುಗಳಿಗೆಲ್ಲ ನಮ್ಮಜ್ಜನ ಮುದ್ರೆ ಇದೆ. ಯಾವ ಮನೆಯ ಪಾವಿನಲ್ಲಿ ಅಳೆದರೂ ಅಷ್ಟೇ ಬರುತ್ತದೆ.

ಹಾಗಾಗಿ ದಾರಿ ನನ್ನ ಬಾಯಿಂದಲೇ ಬಂತು. "ಕೆಲಸದವರೆಲ್ಲ ಅವರವರ ಮನೆಯಿಂದ ತಲೆ ಸವರಿದ ಪಾವು ಅಕ್ಕಿ ತರಲಿ ಸ್ವಾಮಿ. ಬಯಲಲ್ಲಿ ರಾಶಿ ಹಾಕಲಿ. ರಾಶಿ ನಾನು ಅಳೀತೀನಿ. ಸೇರಿಗೆ ನಾಲ್ಕು ಪಾವು. ಆಮೇಲೆ ನಿಮ್ಮ ಭಾಗಾಕಾರ ನಿಮಗೆ."

"ಅದೂ ಎಣಿಸಿದ ಹಾಗೇ ಆಗಲ್ವಾ?"

"ರಾಶಿಯಲ್ಲಿ ಕೊನೇ ಪಾವು ಯಾರ್ದು ಅಂತ ಯಾರಿಗೆ ಗೊತ್ತು? ಗೊತ್ತಿಲ್ಲದ ಕಡೆ ಲೆಕ್ಕ ಕೈ ಹಾಕಲ್ಲ" ಎಂದೆ. ನಮ್ಮಜ್ಜಿ ಹೇಳುತ್ತಿದ್ದ ಮಾತದು.

ಅನಂತಶಯನರು ಒಪ್ಪಿ, ಚಹಾ ಎತ್ತಿ ಕುಡಿದರು. ಆರಿಹೋಗಿತ್ತು.

ಆಮೇಲೆ ಶುರುವಾಯಿತು ನೋಡಿ, ಯಾರು ಅಕ್ಕಿ ತರಬೇಕು ಎನ್ನುವ ಜಗಳ. ಬಾಗಿಲು ಕಾಯುವ ಮುನಿಸಂಜೀವ "ನಾನು ಬಾಗಿಲು ತೆಗೀದಿದ್ರೆ ಒಳಗೆ ತಂತ್ರಜ್ಞಾನ ಹೆಂಗೆ ಹೋಗ್ತಿತ್ತು?" ಎಂದ. ಅಡುಗೆಯವರು, ಗಾಜು ಒರೆಸುವವರು, ಮನೆಯಲ್ಲೇ ಲುಂಗಿ ಉಟ್ಟು ಮೇಲೆ ಮಾತ್ರ ಇಸ್ತ್ರಿ ಅಂಗಿ ತೊಟ್ಟು ಕೆಲಸ ಮಾಡುವವರು, ಎಲ್ಲರೂ ಬಂದು ಕೇಳಿದರು. ಅನಂತಶಯನರು ಚೀಲದಿಂದ ನಿಯಮದ ಹಾಳೆ ತೆಗೆದು ಓದಿದರು: ಗಣಕಯಂತ್ರದ ಮೇಲೆ ಬೆರಳಿಟ್ಟು ಸಂಪಾದನೆಗೆ ಕಾರಣರಾಗುವವರು ಯಾರೋ ಅವರು. ಮುನಿಸಂಜೀವ ತನ್ನ ಬೆರಳುಗಳನ್ನು ನೋಡಿಕೊಂಡು ಬಾಗಿಲಿಗೆ ವಾಪಸಾದ.

"ಹಾಗಾದ್ರೆ ಬೆಂಚಿನ ಮೇಲಿರೋರು?" ಎಂದು ಕೇಳಿದವರು ಇಲ್ಲಿನ ಶಾಖೆ ನೋಡಿಕೊಳ್ಳುವ ಪ್ರದ್ಯುಮ್ನ. "ನಮ್ಮಲ್ಲಿ ಸುಮಾರು ಜನ ಇದಾರೆ, ಆದ್ರೆ ಇಲ್ಲ."

ಹಿಡಿದ ಕೆಲಸ ಮುಗಿದು ಇನ್ನೊಂದು ಸಿಗುವ ತನಕ ಸುಮ್ಮನೆ ಕೂರಿಸಿಡುವುದಕ್ಕೆ ಅವರಲ್ಲಿ ಬೆಂಚು ಎನ್ನುತ್ತಾರೆ. ಅಲ್ಲಿ ಬೆಂಚೇನೂ ಇಲ್ಲ, ತಿರುಗುವ ಕುರ್ಚಿಯೇ. ಅನಂತಶಯನರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಅದರ ಬಗ್ಗೆ ಏನೂ ಬರೆದಿಲ್ಲ. ಅವರವರ ಮನಸ್ಸಾಕ್ಷಿಗೆ ಬಿಟ್ಟಿದ್ದು."

ನನ್ನ ತಂಗಿ ವನಜಾಕ್ಷಿ ಬೆಂಚಿನ ಮೇಲಿದ್ದಳು.

ಅಮ್ಮ ಹೋದಾಗ ಇವಳಿಗೆ ಇನ್ನೂ ಹಾಲುಹಲ್ಲು. ಜಡೆ ಹಾಕಿ, ಮುದ್ದೆ ನುಂಗಿಸಿ, ಕಾಲೇಜಿನ ತನಕ ತಂದವಳು ನಾನು. ಗಾಜಿನ ಕಟ್ಟಡ ಬಂದ ಹೊಸದರಲ್ಲೇ ಕೆಲಸಕ್ಕೆ ಸೇರಿದಳು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ಅದು ನಮ್ಮ ವಂಶಕ್ಕೇ ಬಂದದ್ದು ಎಂದು ಜೈನಾಬಿ ಚುಚ್ಚುತ್ತಿದ್ದಳು. ಈಚೆಗೆ ಆ ಕೆಲಸ ಮುಗಿದು, ಬೆಳಿಗ್ಗೆ ಹೋಗಿ ಕೂತು ಸಂಜೆ ಎದ್ದು ಬರುತ್ತಿದ್ದಳು.

"ಅಕ್ಕ, ನಾನು ಯಾವ ಲೆಕ್ಕ?" ಎಂದಳು ಅವತ್ತು ಊಟಕ್ಕೆ ಕೂತಾಗ.

"ಯಾವ ಲೆಕ್ಕನೂ ಅಲ್ಲ. ಸಾರು ಆರ್‍ತಾ ಐತೆ, ಉಣ್ಣು."

"ಇಲ್ಲ, ನಿಜವಾಗ್ಲೂ. ಕಾರ್ಡ್ ತೋರಿಸಿದ್ರೆ ಬಾಗಿಲು ತೆಗಿಯುತ್ತೆ. ಒಳಗೆ ಹೋದ್ರೆ ಕೆಲಸ ಇಲ್ಲ. ಪಾವು ಪೂರ್ತಿ ಹಾಕಿದ್ರೆ ಸುಳ್ಳಾಗುತ್ತೆ. ಹಾಕದೇ ಇದ್ರೆ ಗಡಿಗೆ ಕಮ್ಮಿ ಬಂದು, ಎಲ್ಲರ ಕೆಲಸಕ್ಕೂ ಕಲ್ಲು ಬಿದ್ರೆ?"

"ಎಲ್ಲಾರೂ ಹಾಕ್ತಾರೆ. ನೀನೂ ಹಾಕಿ ಬಾ."

"ಅಳತೇಲಿ ಸುಳ್ಳಾಡಿದ ಕೈ ಅನ್ನ ಕಲಸಬಾರದು ಅಂತ ಯಾರು ಹೇಳ್ತಿದ್ದಿದ್ದು?"

ನಮ್ಮಪ್ಪನ ಮಾತು. ನನಗೆ ನಗು ಬಂತು. "ಹೇಳೋರು ಹೇಳಿ ಹೋದ್ರು. ಇದು ಪಾಪದ ಅಳತೆ ಅಲ್ಲ, ಬರೀ ಅಕ್ಕಿ" ಎಂದು ಪಾತ್ರೆ ಎತ್ತಿಕೊಂಡೆ. ಅವಳು ಅನ್ನದಲ್ಲಿ ಗೆರೆ ಎಳೆಯುತ್ತ ಕೂತಿದ್ದಳು.

ಅಳತೆಯ ದಿನ ಬಿಸಿಲು ಚೆನ್ನಾಗಿತ್ತು. ಗಾಜಿನ ಕಟ್ಟಡದ ಮುಂದಿನ ಬಯಲಲ್ಲಿ ಜಮಖಾನ ಹಾಸಿ ಕೂತೆ. ಬಂದರು ನೋಡಿ ಜನ, ಕೊರಳಲ್ಲಿ ಕಾರ್ಡು, ಕೈಯಲ್ಲಿ ಅಕ್ಕಿ. ಟಿಫಿನ್ ಡಬ್ಬಿಯಲ್ಲಿ ತಂದವರು, ಕರವಸ್ತ್ರದಲ್ಲಿ ಗಂಟು ಕಟ್ಟಿದವರು, ಲ್ಯಾಪ್‌ಟಾಪಿನ ಚೀಲದಲ್ಲಿ ಸುರಿದುಕೊಂಡು ಬಂದು ಮೂಲೆ ಮೂಲೆ ಕೊಡವುತ್ತಿದ್ದವರು. ಸಣ್ಣಕ್ಕಿ, ಕೆಂಪಕ್ಕಿ, ರೇಷನ್ ಅಂಗಡಿಯ ದಪ್ಪಕ್ಕಿ, ಉತ್ತರದ ಹುಡುಗರು ತಂದ ಸೂಜಿಯಂಥ ಉದ್ದಕ್ಕಿ. ರಾಶಿ ಬಣ್ಣ ಬಣ್ಣವಾಗಿ ಏರಿತು. ವನಜ ದುಪಟ್ಟಾದ ತುದಿಯಲ್ಲಿ ಕಟ್ಟಿಕೊಂಡು ಬಂದವಳು ನನ್ನ ಮುಖ ನೋಡದೆ ಬಿಚ್ಚಿ ಸುರಿದು ಹೋದಳು. ಅವಳು ನಡೆದು ಬಂದ ದಾರಿಯಲ್ಲಿ ಗುಬ್ಬಿಗಳು ಇಳಿದಿದ್ದವು. ಗಂಟು ಸಡಿಲ ಇದ್ದಿರಬೇಕು.

ಕೊಳಗ ಎತ್ತಿ ಮೊದಲನೆಯದನ್ನು ತುಂಬಿ "ಲಾಭ" ಎಂದೆ. ಅಳೆಯುವವರು ಒಂದು ಎನ್ನುವುದಿಲ್ಲ, ಲಾಭ ಎಂದೇ ಶುರುಮಾಡಬೇಕು. ಆಮೇಲೆ ಎರಡು, ಮೂರು. ಕೊಳಗ ಮುಗಿದು ಸೇರು, ಸೇರು ಮುಗಿದು ಪಾವು. ಜಮಖಾನದ ಮೇಲೆ ಉಳಿದದ್ದನ್ನು ಅಂಗೈಯಿಂದ ಗುಡಿಸಿ ಕೊನೆಯ ಪಾವಿಗೆ ಹಾಕಿದೆ. ಅದು ತುಂಬಲಿಲ್ಲ. ಮಧ್ಯಕ್ಕೆ ಬಂದು ನಿಂತಿತು.

ಅನಂತಶಯನರು ಬಗ್ಗಿ ಪಾವಿನೊಳಗೆ ನೋಡಿದರು. ಮೊಬೈಲಿನಲ್ಲಿ ಗುಣಿಸಿದರು. ಸಂಖ್ಯೆ ಹೇಳಿ, ಕೊನೆಗೆ "ಮತ್ತೆ ಅರ್ಧ" ಎಂದರು. "ಅರ್ಧ ಮನುಷ್ಯ. ನನ್ನ ಸರ್ವೀಸಿನಲ್ಲೇ ಮೊದಲು."

ಪ್ರದ್ಯುಮ್ನ ಚಪ್ಪಾಳೆ ತಟ್ಟಿದರು. ಗಡಿ ದಾಟಿತ್ತು. ಹೊರಗಿನಿಂದ ಬಂದು ನೆಲೆಸಿದವರೆಲ್ಲ ಅವರೊಂದಿಗೆ ತಟ್ಟಿದರು. ಊರಿನವರು ತಟ್ಟಲಿಲ್ಲ. ತುಂಬದ ಪಾವು ಯಾರದೆಂದು ಗುರುತು ಸಿಕ್ಕಿಬಿಡುತ್ತದೆ, ಲೆಕ್ಕ ಅವರ ಮೇಲೆ ನಿಲ್ಲುತ್ತದೆ. ಜೈನಾಬಿಯ ಕೈಯಲ್ಲಿ ಲೋಟ ಹಾಗೇ ನಿಂತಿತ್ತು.

ರಾಶಿಯ ಅಕ್ಕಿಯನ್ನು ಅಲ್ಲೇ ಬೇಯಿಸಿ ಎಲ್ಲರಿಗೂ ಊಟ ಹಾಕಿದರು. ಅಷ್ಟು ಮನೆಗಳ ಅಕ್ಕಿ ಒಂದೇ ಹದಕ್ಕೆ ಬೇಯುವುದಿಲ್ಲ. ಸಣ್ಣದು ಗಂಜಿಯಾಗಿತ್ತು, ದಪ್ಪದು ಹಲ್ಲಿಗೆ ಸಿಕ್ಕುತ್ತಿತ್ತು. ನಾನು ಎಲೆಯ ಮುಂದೆ ಕೂತು, ಭಯ ಮುಚ್ಚಿಕೊಳ್ಳಲೆಂದೇ ಜೋರಾಗಿ, "ಯಾರಮ್ಮ ಅದು ಅರೆಪಾವು ಹಾಕಿದ ಜಿಪುಣರು? ಅವರಿಗೆ ಅರ್ಧ ಎಲೆ ಬಡಿಸಿ" ಎಂದೆ.

ಪಕ್ಕದ ಎಲೆಯಲ್ಲಿ ವನಜ ಕೂತಿದ್ದಳು. "ನಾನೇ ಅಕ್ಕ" ಎಂದಳು.

ಮನೆಗೆ ಬಂದೆವು. ನಾನು ದೀಪ ಹಚ್ಚಿದೆ, ಅವಳ ತಲೆಗೆ ಎಣ್ಣೆ ಹಚ್ಚಿದೆ, ಬಿಗಿಯಾಗಿ ಜಡೆ ಹಾಕಿದೆ. ಬಿಗಿಯಾಗಿ ಹಾಕಿದರೆ ಉಳಿಯುತ್ತಾಳೆ ಎನ್ನುವ ಹಾಗೆ. ನೋಯ್ತದೆ ಅಕ್ಕ ಎಂದಳು. ನೋಯಲಿ ಎಂದೆ.

ಬೆಳಿಗ್ಗೆ "ಅಕ್ಕ, ಕಾಫಿ ಆಯ್ತಾ?" ಎಂದು ಅವಳ ಧ್ವನಿ ಬಂತು. ದೇವರು ದೊಡ್ಡವನು ಎಂದುಕೊಂಡು ಲೋಟ ಹಿಡಿದು ಓಡಿದೆ. ಹಾಸಿಗೆಯ ಮೇಲೆ ಜಡೆಗೆ ಕಟ್ಟಿದ್ದ ರಿಬ್ಬನ್ನು ಗಂಟು ಬಿಚ್ಚದೆ ಬಿದ್ದಿತ್ತು. ಹೊದಿಕೆ ಚಪ್ಪಟೆಯಾಗಿತ್ತು. ಧ್ವನಿ ಅದರ ಮೇಲಿನಿಂದ ಮತ್ತೆ ಬಂತು. "ಯಾಕೆ ಹಂಗ್ ನಿಂತ್ಕೊಂಡೆ?" ಆಮೇಲೆ ತಾನೇ ಸುಮ್ಮನಾಯಿತು.

ಸುದ್ದಿ ಕೇಳಿ ಜೈನಾಬಿ ಬಂದು ನನ್ನ ಪಕ್ಕ ಗೋಡೆಗೊರಗಿ ಕೂತಳು. ಹೊರಡುವಾಗ ಹೇಳಿದಳು. "ನನಗೆ ಲೋಟ ಉಳೀತು ಹೊನ್ನಕ್ಕ. ನಿನಗೆ ಮಾತಾದ್ರೂ ಉಳೀತಲ್ಲ."

"ಲೋಟಕ್ಕಿಂತ ಹೆಚ್ಚು ಸದ್ದು ಮಾಡ್ತೀನಿ ಬಿಡು ಜೈನಕ್ಕ" ಎಂದಿತು ವನಜಳ ಧ್ವನಿ. ಜೈನಾಬಿ ಸೆರಗು ಬಾಯಿಗೆ ಒತ್ತಿಕೊಂಡು ಹೋದಳು.

ಮನುಷ್ಯರು ಯಾವುದಕ್ಕೆ ಒಗ್ಗುವುದಿಲ್ಲ ಹೇಳಿ. ಧ್ವನಿ ಒಲೆಯ ಪಕ್ಕದಲ್ಲಿ ಇರುತ್ತಿತ್ತು. ಅಲ್ಲಿ ಬೆಚ್ಚಗಿರುತ್ತದೆ ಎನ್ನುತ್ತಿದ್ದಳು. ಹಸಿವಿಲ್ಲ, ಆದರೆ ಒಗ್ಗರಣೆಯ ವಾಸನೆ ಗೊತ್ತಾಗುತ್ತದೆ. ನಿದ್ದೆಯಿಲ್ಲ, ಆದರೆ ಆಕಳಿಕೆ ಬರುತ್ತದೆ. ಕನ್ನಡಿಗೆ ಬಟ್ಟೆ ಮುಚ್ಚು ಎಂದಳು, ಮುಚ್ಚಿದೆ. ಅವಳನ್ನು ನೋಡಲು ಗಂಡಿನ ಕಡೆಯವರು ಬರುವುದಾಗಿ ಹೇಳಿದ್ದರು, ಅವರಿಗೆ ನಾನೇ ಬೇಡವೆಂದು ಹೇಳಿ ಕಳಿಸಿದೆ. ಭಾನುವಾರ ಮಾತ್ರ ತಡೆಯುತ್ತಿರಲಿಲ್ಲ. ಎಣ್ಣೆ ಬಟ್ಟಲು ಬೆಚ್ಚಗೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಬಂದು, ಯಾರ ತಲೆಗೆ ಎಂದು ನಿಂತುಬಿಡುತ್ತಿದ್ದೆ. "ನಿನ್ನ ತಲೆಗೇ ಹಚ್ಕೋ ಅಕ್ಕ, ನರೆ ಬಂದೈತೆ" ಎನ್ನುತ್ತಿದ್ದಳು. ತಮಾಷೆಗೆ. ಧ್ವನಿ ಮಾತ್ರ ಇರುವವರು ಅಳುವುದನ್ನು ಬಚ್ಚಿಡಲಾರರು. ತಮಾಷೆ ಮಾಡಿಯೇ ಅದನ್ನು ದಾಟಬೇಕು.

ಕಂಪನಿಗೆ ಕೆಲವು ದಿನ ಏನೂ ತಿಳಿಯಲೇ ಇಲ್ಲ. ಬೆಂಚಿನವರಿಗೆ ಫೋನಿನಲ್ಲಿ ನಡೆಸುವ ಪಾಠಗಳಿಗೆ ಅವಳು ಮನೆಯಿಂದಲೇ, ನಾನು ಫೋನು ಹಿಡಿದರೆ, ಮುಖ ತೋರಿಸದೆ ಹಾಜರಾಗುತ್ತಿದ್ದಳು. ಎಲ್ಲರೂ ಹಾಗೇ ಮಾಡುವುದಂತೆ. ತಿಳಿದ ಮೇಲೆ ಪ್ರದ್ಯುಮ್ನ ಮನೆಗೇ ಬಂದು, ಚಪ್ಪಲಿ ಬಿಟ್ಟು, ಎತ್ತ ನೋಡಿ ಮಾತಾಡುವುದೆಂದು ತಿಳಿಯದೆ ಒಲೆಯನ್ನೇ ನೋಡುತ್ತ ಬಹಳ ನೊಂದುಕೊಂಡರು. ಮರುವಾರವೇ ಅವಳನ್ನು ಬೆಂಚಿನಿಂದ ಎಬ್ಬಿಸಿದರು. ದೂರದೇಶದ ಗಿರಾಕಿಗಳ ಜೊತೆ ಮಾತಾಡಿ, ಅವರ ತೊಂದರೆ ಕೇಳಿಕೊಂಡು ಪರಿಹರಿಸುವ ಕೆಲಸ. ಅವಳ ಧ್ವನಿ ಅವರಿಗೆ ಬಹಳ ಹಿಡಿಸಿತಂತೆ. ಕುರ್ಚಿಗೊರಗಲು ಬೆನ್ನಿದ್ದಾಗ ಸಿಗದ ಕೆಲಸ ಬೆನ್ನಿಲ್ಲದ ಮೇಲೆ ಸಿಕ್ಕಿತು.

ಆದರೆ ಧ್ವನಿಗೆ ಬೆರಳಿಲ್ಲವಲ್ಲ. ಆದ್ದರಿಂದ ಗುಂಡಿ ಒತ್ತುವುದಕ್ಕೆ ನಾನು ಕೂತೆ.

"ಎಡಗಡೆ ಮೂಲೆ ಅಕ್ಕ. ಅದಲ್ಲ, ಅದರ ಕೆಳಗಿಂದು. ಮೆಲ್ಲಗೆ, ರೊಟ್ಟಿ ತಟ್ಟಬೇಡ."

"ಇದೇನೇ ಇಷ್ಟುದ್ದದ ಗುಂಡಿಗೆ ಹೆಸರೇ ಬರೆದಿಲ್ಲ?"

"ಅದು ಖಾಲಿ ಬಿಡೋಕೆ."

"ಖಾಲಿ ಬಿಡೋದಕ್ಕೂ ಒಂದು ಗುಂಡಿನಾ" ಎಂದು ನಾನು ಆಶ್ಚರ್ಯಪಟ್ಟೆ. ಹೀಗೆ ಕಲಿತೆ. ಬೋಂಡಾ ಕಾಗದದಲ್ಲಿ ಕಂಡಿದ್ದ ಇಂಗ್ಲಿಷ್ ಅಕ್ಷರಗಳು ಗುಂಡಿಗಳ ಮೇಲೂ ಸಿಕ್ಕವು. ಬರುಬರುತ್ತ ಅವಳು ಹೇಳಿ ಮುಗಿಸುವುದರೊಳಗೆ ನನ್ನ ಬೆರಳು ಅಲ್ಲಿ ಇರುತ್ತಿತ್ತು. ಕೆಲಸ ಸಾಗುತ್ತಿರುವಾಗ ಅವಳು ಇದ್ದಾಳೆ ಎಂದೇ ಅನ್ನಿಸುತ್ತಿತ್ತು. ನಿಲ್ಲಿಸಿ ಹೊರಳಿ ನೋಡಿದರೆ ಇಲ್ಲ. ಅದಕ್ಕೇ ನಾನು ಹೊರಳುವುದನ್ನು ಬಿಟ್ಟೆ.

ಮತ್ತೆ ಅನಂತಶಯನರು ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಈ ಸಲ ಚಹಾದಂಗಡಿಯಲ್ಲಿ ಕೂರದೆ ನೇರ ನಮ್ಮ ಮನೆಗೇ ಬಂದರು. ಜೈನಾಬಿಯೇ ಕರೆತಂದಳು. ಅವಳ ಮುಖ ನೋಡಿಯೇ ನನಗೆ ಒಳ್ಳೆಯ ಸುದ್ದಿಯಲ್ಲ ಎಂದು ತಿಳಿಯಿತು.

"ವರದಿ ವಾಪಸ್ ಬಂತು" ಎಂದರು ಅವರು, ನೀರಿನ ಲೋಟ ಹಿಡಿದು ಕುಡಿಯದೆ. "ಮನುಷ್ಯರ ಸಂಖ್ಯೆಯಲ್ಲಿ ಭಿನ್ನರಾಶಿ ಇರಬಾರದು ಅಂತ. ಪೂರ್ಣ ಮಾಡಿ ಕಳಿಸ್ಬೇಕು."

"ಮಾಡಿ. ಪೂರ್ಣ ಮಾಡಿದ್ರೆ ಒಳ್ಳೇದೇ ಅಲ್ವ" ಎಂದೆ. ನನ್ನ ಎದೆ ಒಂದು ಕ್ಷಣ ಏನೇನೋ ಆಸೆ ಪಟ್ಟಿತು.

"ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ರೆ ಮೇಲಕ್ಕೆ. ಕಮ್ಮಿ ಇದ್ರೆ ಕೆಳಕ್ಕೆ. ಅವತ್ತು ನಾನು ಬಾಯಿಮಾತಿಗೆ ಅರ್ಧ ಅಂದೆ. ಬರೆದುಕೊಂಡಿದ್ದು ನೋಡಿದ್ರೆ ಅರ್ಧಕ್ಕೆ ಒಂದು ಚಿಟಿಕೆ ಕಮ್ಮಿ." ಅವರು ಒಲೆಯತ್ತ ನೋಡಲಿಲ್ಲ. "ಕೆಳಕ್ಕೆ ಇಳಿಸಬೇಕು."

ದುಪಟ್ಟಾದ ಸಡಿಲ ಗಂಟು, ದಾರಿಯ ಗುಬ್ಬಿಗಳು ನನ್ನ ಕಣ್ಣ ಮುಂದೆ ಬಂದವು. ರಾಶಿಯ ಅಕ್ಕಿ ಅಂದೇ ಬೆಂದು ಊರ ಹೊಟ್ಟೆಗೆ ಹೋಗಿತ್ತು. ಮತ್ತೆ ಅಳೆಯುವುದಕ್ಕೆ ಏನೂ ಇರಲಿಲ್ಲ.

"ಕೆಳಕ್ಕೆ ಇಳಿಸಿದ್ರೆ ಇದೂ ಹೋಗುತ್ತೆ" ಎಂದಳು ಜೈನಾಬಿ. "ಈ ದನೀನೂ. ಅಷ್ಟು ಗೊತ್ತಾ ನಿಮಗೆ?"

"ಗೊತ್ತು. ಅದಕ್ಕೇ ಕಾಗದದಲ್ಲಿ ಕಳಿಸದೆ ಬಂದೆ. ಚಿಟಿಕೆಯನ್ನ ನಾನೇ ಸೇರಿಸಿ ಬರೆಯಬಹುದಿತ್ತು. ಬಸ್ಸಲ್ಲಿ ಪೂರ್ತಿ ಅದೇ ಯೋಚನೆ. ಆದ್ರೆ ಸುಳ್ಳಿನ ಅಳತೆ ಈ ಊರಲ್ಲಿ ಏನು ಮಾಡುತ್ತೋ ಅಂತ ಹೆದರಿಕೆ ಆಯ್ತು. ಯಾರನ್ನ ತಗೊಳ್ಳುತ್ತೋ."

ಅನ್ನದ ಗಂಜಿ ಉಕ್ಕಿ ಒಲೆಗೆ ಬಿದ್ದು ಚುರ್ ಎಂದಿತು. "ಉರಿ ತೆಗಿ ಅಕ್ಕ" ಎಂದಳು ವನಜ, ಯಾವತ್ತಿನ ಹಾಗೆ. ಆಮೇಲೆ, "ಹೋಗ್ಲಿ ಬಿಡಿ ಸಾರ್. ನೀವು ಊಟ ಮಾಡ್ಕೊಂಡೇ ಹೋಗಿ" ಎಂದಳು.

ನಾನು ಎದ್ದೆ. ಕಣಜದಿಂದ ಅಕ್ಕಿ ತೆಗೆದು ಮೊರಕ್ಕೆ ಹಾಕಿಕೊಂಡೆ. ಅರೆಪಾವು ಕೈಗೆ ತೆಗೆದುಕೊಂಡೆ.

"ನಿಮ್ಮ ನಿಯಮ ಇನ್ನೊಂದ್ಸಲ ಓದಿ ಸ್ವಾಮಿ. ಕೆಲಸದವರು ಅಂದ್ರೆ ಯಾರು?"

ಅವರು ಓದಬೇಕಾಗಿರಲಿಲ್ಲ, ಬಾಯಿಗೆ ಬರುತ್ತಿತ್ತು. "ಗಣಕಯಂತ್ರದ ಮೇಲೆ ಬೆರಳಿಟ್ಟು ಸಂಪಾದನೆಗೆ ಕಾರಣರಾಗುವವರು."

ನಾನು ಎರಡೂ ಕೈ ಅವರ ಮುಂದೆ ಚಾಚಿದೆ. "ಅವಳು ಹೇಳ್ತಾಳೆ, ನಾನು ಒತ್ತುತೀನಿ. ಅರ್ಧ ಹೊತ್ತು ಅಡುಗೆ, ಅರ್ಧ ಹೊತ್ತು ಇದು. ನನ್ನನ್ನ ನೀವು ಅಳೆದೇ ಇಲ್ಲ. ನನ್ನ ಅರೆಪಾವು, ಮೇಲೊಂದು ಚಿಟಿಕೆ, ಇವಳದರ ಮೇಲೆ ಹಾಕಿ. ಪಾವು ತುಂಬಿತಾ ಇಲ್ವಾ? ಭಿನ್ನ ಎಲ್ಲಿ ಉಳೀತು?"

ಅನಂತಶಯನರು ಬಗ್ಗಿ ನನ್ನ ಬೆರಳುಗಳನ್ನು ನೋಡಿದರು. "ಸರಿಹೋಗುತ್ತೆ" ಎಂದರು ಕೊನೆಗೆ. ಸಂತೋಷದಿಂದ ಹೇಳಲಿಲ್ಲ. "ಆದ್ರೆ ಅಮ್ಮ, ಆಗ ಸಂಖ್ಯೆ ನಿಮ್ಮ ಮೇಲೆ ನಿಲ್ಲುತ್ತೆ."

"ಬೇಡ" ಎಂದಿತು ಒಲೆಯ ಪಕ್ಕದ ಧ್ವನಿ. ಅಷ್ಟು ಗಟ್ಟಿಯಾಗಿ ಅವಳು ಮೈಯಿದ್ದಾಗಲೂ ಮಾತಾಡಿದವಳಲ್ಲ. "ಬೇಡ ಅಕ್ಕ. ಯಾವ ಅರ್ಧ ಹೋಗುತ್ತೋ ಯಾರಿಗ್ಗೊತ್ತು."

"ಸೊಂಟದಿಂದ ಕೆಳಗಿನದು ಹೋಗ್ಲಿ. ಮಂಡಿನೋವಾದ್ರೂ ತಪ್ಪುತ್ತೆ."

"ತಮಾಷೆ ಮಾಡಬೇಡ."

"ನೀನೊಬ್ಬಳೇ ಮಾಡಬೇಕಾ?" ಎಂದುಬಿಟ್ಟೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಮ್ಮೂರಲ್ಲಿ ಹಾಗೆ ಯಾರಿಗೂ ಅನ್ನುವುದಿಲ್ಲ, ಒಬ್ಬಳು ಅಂತ. ಜೈನಾಬಿ ಮುಖ ಆಚೆ ತಿರುಗಿಸಿದಳು.

"ಹೊನ್ನಕ್ಕ, ಯೋಚನೆ ಮಾಡು" ಎಂದಳು ಗೋಡೆ ನೋಡುತ್ತಲೇ. "ಕೈ ಹೋದ್ರೆ ಅಳೆಯೋರು ಯಾರು?"

"ಹೋದ ಮೇಲೆ ನೋಡೋಣ. ಲೋಟ ಇಟ್ಟುಕೊಂಡು ಕೂರೋ ಧೈರ್ಯ ನನಗಿಲ್ಲ ಜೈನಾ. ನಿನಗಿತ್ತು."

ಅಧಿಕಾರಿ ಚೀಲದಿಂದ ಬಟ್ಟೆಯ ಪುಟ್ಟ ಗಂಟು ತೆಗೆದರು. ಹೊರಡುವ ಮುಂಚೆ ರಾಜಧಾನಿಯ ಯಾವುದೋ ಅಂಗಡಿಯಲ್ಲಿ ಅವತ್ತು ಕೊನೆಯ ಪಾವಿನಲ್ಲಿದ್ದಷ್ಟೇ ಅಕ್ಕಿ ಅಳೆದು ತಂದಿದ್ದರಂತೆ, ಕಣ್ಣಿಗೆ ತೋರಿಸಿದರೆ ನಾವು ನಂಬಿಯೇವು ಎಂದು. ಅದನ್ನು ಪಾವಿಗೆ ಸುರಿದರು. ಅರ್ಧಕ್ಕೆ ಒಂದು ಚಿಟಿಕೆ ಕಡಿಮೆಯೇ ಇತ್ತು. ನಾನು ಅರೆಪಾವು ತುಂಬಿ, ತಲೆ ಸವರಿ, ಅದರ ಮೇಲೆ ಸುರಿಯುತ್ತ "ಲಾಭ" ಎಂದೆ. ಚಿಟಿಕೆ ಹಾಕಿದೆ. ಪಾವು ಅಂಚಿಗೆ ಸಮ ತುಂಬಿತು. ಅನಂತಶಯನರು ಬರೆದುಕೊಂಡರು. ಊಟ ಮಾಡಲಿಲ್ಲ. ಹೊಸಿಲು ದಾಟುವಾಗ ನನ್ನ ಕ್ಷೇಮ ವಿಚಾರಿಸಲು ಬರುತ್ತೇನೆ ಎಂದರು. ಬರಲಾರರು ಎಂದು ನನಗೆ ಆಗಲೇ ಗೊತ್ತಿತ್ತು.

ಸಂಜೆಯೆಲ್ಲ ನಾನು ಮಾತಾಡಿದೆ. ಅಮ್ಮನ ಮದುವೆಯ ಕಥೆ, ಅಪ್ಪ ಕೊಳಗದಲ್ಲಿ ನಾಯಿಮರಿ ಅಳೆದದ್ದು, ವನಜ ಚಿಕ್ಕವಳಿದ್ದಾಗ ಸೇರನ್ನು ಟೋಪಿ ಮಾಡಿಕೊಂಡು ತಲೆಗೆ ಸಿಕ್ಕಿಹಾಕಿಕೊಂಡು ಊರೆಲ್ಲ ಓಡಿದ್ದು. ಅವಳು ಕೇಳಿದಳು. "ಇವತ್ತು ಮಲಗಲ್ವಾ ನೀನು" ಎಂದಳು. ಇನ್ನೊಂದು ಕಥೆ ಹೇಳಿದೆ.

ಬೆಳಿಗ್ಗೆ ಎದ್ದು ಮೊದಲು ಕೈ ನೋಡಿಕೊಂಡೆ. ಇದ್ದವು. ಕಾಲು ಇದ್ದವು, ಮಂಡಿನೋವೂ ಇತ್ತು. ಬಟ್ಟೆ ಸರಿಸಿ ಕನ್ನಡಿ ನೋಡಿದೆ, ಮುಖವೂ ಇತ್ತು. ಏನೂ ಹೋಗಿಲ್ಲವೇ ವನಜಿ ಎಂದು ಕೂಗಲು ಬಾಯಿ ತೆರೆದೆ, ಉಸಿರು ಮಾತ್ರ ಬಂತು.

"ಅಕ್ಕ?" ಎಂದಿತು ಒಲೆಯ ಕಡೆಯಿಂದ ಅವಳ ಧ್ವನಿ. "ಎದ್ದಿದೀಯಾ? ಯಾಕೆ ಸುಮ್ಮನಿದೀಯಾ? ಅಕ್ಕ, ಏನಾದ್ರೂ ಹೇಳು."

ನಾನು ಸೌಟಿನಿಂದ ಪಾತ್ರೆಯ ಮೇಲೆ ಬಡಿದೆ.

ಹೊರಗೆ ಜೈನಾಬಿ ಬಾಗಿಲು ತಟ್ಟಿದಳು. "ಹೊನ್ನಕ್ಕ, ಇದೀಯಾ?" ಎಂದು ಕೇಳಿದಳು. ಕೇಳಲು ಹೆದರಿಕೊಂಡೇ ಕೇಳಿದ್ದು.

"ಇದಾಳೆ ಜೈನಕ್ಕ" ಎಂದಳು ವನಜ. "ಇನ್ಮೇಲೆ ನಾನೇ ಹೇಳ್ತೀನಿ. ಬಾ ಒಳಗೆ."

ನಾನು ಮೊರ ಎಳೆದುಕೊಂಡು ಮಧ್ಯಾಹ್ನದ ಅಕ್ಕಿಗೆ ಕೂತೆ. ಮೊದಲ ಪಾವು ತುಂಬಿ ಎತ್ತಿದೆ. ಅಭ್ಯಾಸದಿಂದ ತುಟಿ ತೆರೆಯಿತು. ಕೈ ಹಾಗೇ ನಿಂತಿತು, ಅಕ್ಕಿ ಬೀಳಲಿಲ್ಲ. ಆಗ ಒಲೆಯ ಪಕ್ಕದಿಂದ, ಮೆಲ್ಲಗೆ, "ಲಾಭ" ಎಂದು ಕೇಳಿತು. ನಾನು ಪಾತ್ರೆಗೆ ಸುರಿದೆ.